ಹಿತ್ತಲು ಬಿಟ್ಟು ಹೋದ ಹಕ್ಕಿಗಳು

ನವೆಂಬರ್ 4

ಅಕ್ಕನ ಮನೆಗೆ ಬಂದು ಒಂದು ವಾರವಾಯಿತು. ಪೇಟೆಯ ಅಂಗಡಿಗೆ ಬೀಗ ಜಡಿದು, ಕೇಳಿದವರಿಗೆಲ್ಲ ಹವಾ ಬದಲಾವಣೆಗೆ ಹೊರಟೆ ಎಂದು ಹೇಳಿ ಬಂದಿದ್ದೇನೆ. ಹವೆಯಂತೆ, ಮಣ್ಣಂಗಟ್ಟಿಯಂತೆ! ಆ ಕಿವಿ ಡಾಕ್ಟರು ನನ್ನ ತಲೆ ಕೆಡಿಸಿದ್ದಾನೆ, ಅದು ನಿಜವಾದ ವಿಷಯ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಡಬ್ಬಿ ಕಟ್ಟಿ, ಗುಂಯ್ ಪೀಂಯ್ ಎಂದು ಏನೇನೋ ಕೇಳಿಸಿ, ಕೊನೆಗೆ ಕಾಗದದ ಮೇಲೆ ಇಳಿಜಾರಿನ ಗೆರೆಯೊಂದನ್ನು ತೋರಿಸಿದ. "ಮೇಲಿನ ಸ್ವರ ಮೊದಲು ಹೋಗುತ್ತೆ. ಆಮೇಲೆ ಒಂದೊಂದಾಗಿ ಕೆಳಗಿನವು. ಹೋಗಿದ್ದು ವಾಪಸು ಬರಲ್ಲ. ಕೆಲವರಿಗೆ ಹತ್ತು ವರ್ಷ ಹಿಡಿಯುತ್ತೆ, ನಿಮ್ಮದು ಸ್ವಲ್ಪ ಅವಸರದ್ದು" ಎಂದ. ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ ಹೇಳಿದ.

ನಾನು ಹಾರ್ಮೋನಿಯಂ ಶ್ರುತಿ ಮಾಡುವವನು. ಮೀಸೆ ಚಿಗುರುವ ಮೊದಲಿನಿಂದ ಇದೇ ಕೆಲಸ. ಇಬ್ಬರು ಗಿರಾಕಿಗಳು ಪೆಟ್ಟಿಗೆ ವಾಪಸು ತಂದು "ಮೇಲುಗಡೆ ಸ್ವಲ್ಪ ಸರಿಯಿಲ್ಲ" ಎಂದು ಗೊಣಗಿದರು. ಅಷ್ಟಕ್ಕೇ ಹೆದರಿ ಡಾಕ್ಟರ ಹತ್ತಿರ ಹೋದೆನಲ್ಲ, ನನಗೆ ಬುದ್ಧಿ ಇಲ್ಲ. ಆ ಗಿರಾಕಿಗಳಿಗೆ ಕಿವಿಯೂ ಇಲ್ಲ, ಆ ಡಾಕ್ಟರ ಮೆಷೀನಿಗೆ ಶ್ರುತಿಯೂ ಇಲ್ಲ.

ಇಲ್ಲಿ ಕೇಳಿದ್ದನ್ನೆಲ್ಲ ಬರೆದಿಡುತ್ತೇನೆ. ವರ್ಷ ಕಳೆದ ಮೇಲೆ ಅವನ ಮೇಜಿನ ಮೇಲೆ ಎಸೆದು ಬರುತ್ತೇನೆ. ಇವತ್ತು ಹಿತ್ತಲಲ್ಲಿ ಕೇಳಿದ್ದು: ಅಳಿಲು, ಒಂದೇ ಸ್ವರ ಹಿಡಿದು ಕಿರುಚುತ್ತದೆ, ತಾಳವಿದೆ, ಸಂಗೀತವಿಲ್ಲ. ಹರಟೆಮಲ್ಲಗಳು, ಏಳೆಂಟು ಒಟ್ಟಿಗೆ, ಪಂಚಾಯಿತಿ ಜಗಳದ ಹಾಗೆ. ಸೂರಕ್ಕಿ, ಸಣ್ಣ ಗಂಟಲು, ಶ್ರುತಿ ಮಾತ್ರ ಖಚಿತ. ಗಿಡಗಳ ಸಂದಿಯಲ್ಲಿ ಜೀರುಂಡೆ. ಬೇಲಿಯಾಚೆ ಕೆಂಬೂತ. ಅದರ ಊಂ ಊಂ ಊಂ ಕೇಳಿದರೆ ಖಾಲಿ ಬಿಂದಿಗೆಯೊಳಗೆ ಯಾರೋ ನರಳಿದ ಹಾಗಿರುತ್ತದೆ. ನವಿಲು ಕುಣಿಯಿತೆಂದು ಕೆಂಬೂತ ಕುಣಿಯಿತು ಅನ್ನುತ್ತಾರೆ. ಕುಣಿಯಲಿ ಬಿಡಿ, ಅದು ಹಾಡದಿದ್ದರೆ ಸಾಕು.

ಯಾವ ಹಕ್ಕಿ ಹೇಗಿದೆ, ಯಾವ ಬಣ್ಣ, ನನಗೆ ಬೇಕಿಲ್ಲ. ನೋಡುವುದು ಅಕ್ಕನ ಕೆಲಸ.

ನವೆಂಬರ್ 19

ಸಂಗೀತದ ಮೇಷ್ಟ್ರು ಬಂದು ತಮ್ಮ ಪೆಟ್ಟಿಗೆಯನ್ನು ಇಳಿಸಿ ಹೋದರು. ನಾನು ಇಲ್ಲಿದ್ದೇನೆಂದು ಹುಡುಕಿಕೊಂಡೇ ಬಂದರು. ಇದು ಅವರ ತಾಯಿ ನುಡಿಸುತ್ತಿದ್ದ ಹಾರ್ಮೋನಿಯಂ. ತಿದಿಯ ಚರ್ಮ ಬಿರಿದಿದೆ, ಮರ ಗಾಳಿ ಬಿಡುತ್ತಿದೆ. ಆದರೆ ಒಳಗಿನ ರೀಡುಗಳು! ಬೆರಳುಗುರಿನಗಲದ ಹಿತ್ತಾಳೆ ನಾಲಿಗೆಗಳು, ಒಂದೊಂದೂ ಜೇನು ತೊಟ್ಟಿಕ್ಕಿದಂತೆ ನುಡಿಯುತ್ತವೆ. ಅಂಥ ಹಿತ್ತಾಳೆ ಈಗ ಯಾರೂ ಎರಕ ಹೊಯ್ಯುವುದಿಲ್ಲ. "ಯಜಮಾನ್ರೇ, ಇದನ್ನ ಬೇರೆಯವರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ನಿಧಾನವಾಗಿ ಮಾಡಿ. ಮಳೆಗೆ ಮುಂಚೆ ಆದ್ರೆ ಸಾಕು" ಎಂದರು.

ಅಕ್ಕ ಹಿತ್ತಲಲ್ಲಿ ಸಸಿ ಬೆಳೆಸಿ ಮಾರುತ್ತಾಳೆ. ಭಾವ ಹೋದ ಮೇಲೆ ಅದೇ ಅವಳ ಜೀವನ, ಅದೇ ಅವಳ ಹರಟೆಯ ಕಟ್ಟೆ. ಕುಂಡ ಮಣ್ಣು ಗೊಬ್ಬರ ಇಡುವ ಚಪ್ಪರದ ಮನೆಯಲ್ಲಿ ನನಗೊಂದು ಮೂಲೆ ಬಿಟ್ಟುಕೊಟ್ಟಿದ್ದಾಳೆ. ಅಲ್ಲಿ ಮೇಜು ಹಾಕಿ ಮೇಷ್ಟ್ರ ಪೆಟ್ಟಿಗೆ ಬಿಚ್ಚಿದೆ. ಮೊದಲು ತಿದಿ, ಚರ್ಮ, ಮರ. ಆಮೇಲೆ ರೀಡು. ಕೆಳಗಿನ ಮಂದ್ರದಿಂದ ಶುರು, ಆಮೇಲೆ ಮಧ್ಯ, ಮೇಲಿನ ತಾರ ಸ್ಥಾಯಿ ಕೊನೆಗೆ. ನನ್ನ ಗುರು ಕಲಿಸಿದ್ದು ಹಾಗೆ, ನಾನು ಮಾಡಿಕೊಂಡು ಬಂದದ್ದೂ ಹಾಗೆ.

ಅಕ್ಕ ಗೊಬ್ಬರ ಕಲಸುತ್ತ ಕೂತವಳು ತಲೆ ಎತ್ತದೆ ಕೇಳಿದಳು. "ಈ ಸಲ ಮೇಲಿನಿಂದ ಶುರು ಮಾಡಬಾರದೇನೋ?"

"ಯಾಕೆ?"

"ಯಾಕೂ ಇಲ್ಲ. ಸುಮ್ಮನೆ ಕೇಳಿದೆ."

"ನೀನು ಬೇರು ಬಿಟ್ಟು ತುದಿಯಿಂದ ಸಸಿ ನೆಡ್ತೀಯಾ?"

"ಆಯ್ತಪ್ಪ, ದೊಡ್ಡ ಪಂಡಿತ. ನಿನ್ನ ಪೆಟ್ಟಿಗೆ, ನಿನ್ನ ಕರ್ಮ" ಎಂದಳು. ಡಾಕ್ಟರು ಹೇಳಿದ್ದನ್ನು ಇವಳ ಹತ್ತಿರ ಬಾಯಿ ಬಿಡಬಾರದಿತ್ತು.

ಒಗೆಯುವ ಕಲ್ಲಿನ ಹತ್ತಿರ ಹೊಸದೊಂದು ಹಕ್ಕಿ ಬಂದಿದೆ. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುತ್ತದೆ. ಕುಂಡೆಕುಸ್ಕ ಅಂದಳು ಅಕ್ಕ. ಚಳಿಗೆ ಎಲ್ಲಿಂದಲೋ ಬಂದು ಬಿಸಿಲಿಗೆ ಹೊರಟುಹೋಗುತ್ತದಂತೆ. ಹೆಸರಿಟ್ಟವನು ಯಾರೋ, ಮರ್ಯಾದೆ ಅಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಕೂಗು ಚಿಸ್ಸಿಕ್ ಎಂದು ಸಣ್ಣದು.

ಡಿಸೆಂಬರ್ 8

ಜೀರುಂಡೆ ಹೋದವು. ಸಂಜೆ ಹಿತ್ತಲು ನಿಶ್ಶಬ್ದ. ಚಳಿ ಬಿದ್ದರೆ ಅವು ಸುಮ್ಮನಾಗುತ್ತವೆ, ಚಿಕ್ಕ ಮಕ್ಕಳಿಗೂ ಗೊತ್ತು.

ತಿದಿ ಮುಗಿಯಿತು. ಹೊಸ ಚರ್ಮ ಚೆನ್ನಾಗಿ ಕೂತಿದೆ. ಒತ್ತಿದರೆ ಮಗು ಉಸಿರಾಡಿದಷ್ಟು ಮೆತ್ತಗೆ ಗಾಳಿ ಬಿಡುತ್ತದೆ.

ಡಿಸೆಂಬರ್ 27

ಮಂದ್ರದ ರೀಡುಗಳು ಮುಗಿದವು. ಒಂದಕ್ಕೂ ಹೆಸರಿಡುವ ಹಾಗಿಲ್ಲ. ಡಾಕ್ಟರು ಬಂದು ಕೇಳಲಿ. ಕಿವಿ ಹೋದವನು ಮಾಡುವ ಕೆಲಸವೇ ಇದು?

ಅಕ್ಕನ ನಾಯಿ ಬೂದಿ ನನ್ನ ಮೇಜಿನ ಕೆಳಗೇ ಮಲಗುತ್ತದೆ. ಮಂದ್ರ ನುಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಮೇಷ್ಟ್ರ ಶಿಷ್ಯರಿಗಿಂತ ಮೇಲು.

ಜನವರಿ 15

ನುಗ್ಗೆ ಹೂ ಬಿಟ್ಟಿದೆ. ನೆಲದ ಮೇಲೆಲ್ಲ ಬಿಳಿ ಉದುರು. ಗುಡಿಸಿದಷ್ಟೂ ಬೀಳುತ್ತದೆ.

ಅಕ್ಕ ಸೀಬೆ ಗಿಡಕ್ಕೆ ಕಸಿ ಕಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಸೂರಕ್ಕಿ ಈ ಸಲ ಬೇಗ ಹೊರಟುಹೋಯ್ತಲ್ಲ" ಎಂದೆ.

"ಎಲ್ಲಿ ಹೋಯ್ತೋ? ತಲೆ ಮೇಲೇ ಕೂತು ಬೆಳಗ್ಗಿಂದ ಪ್ರಾಣ ತಿಂತಾ ಇದೆ, ಇಕೋ..." ಎಂದು ನಗುತ್ತ ತಿರುಗಿದವಳು ನನ್ನ ಮುಖ ನೋಡಿದಳು. ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ದಾರ ಕೆಳಗೆ ಬಿತ್ತು. ಅದನ್ನು ಹುಡುಕಿ ಎತ್ತಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. "ಹೂಂ ಕಣೋ. ಹೋಯ್ತು. ನಾನು ಹೇಳಿದ್ದು ಬೇರೆ ಯಾವುದೋ ಹಕ್ಕಿ" ಎಂದಳು.

ಅಕ್ಕನಿಗೂ ವಯಸ್ಸಾಯಿತು. ಒಂದು ಹಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸ ಮರೆಯುತ್ತಿದ್ದಾಳೆ.

ಸೂರಕ್ಕಿ ಹೋಯಿತು. ಅಳಿಲಿನ ಕಿರುಚಾಟವೂ ನಿಂತಿದೆ. ಅಳಿಲು ಮಾತ್ರ ಗೋಡೆಯ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿದೆ. ಹೊಟ್ಟೆ ತುಂಬಿದವರಿಗೆ ಕೂಗುವ ಅಗತ್ಯವಿಲ್ಲ.

ಫೆಬ್ರವರಿ 3

ಇವತ್ತು ಒಂದು ವಿಚಿತ್ರ ನೋಡಿದೆ.

ಬೆಳಗ್ಗೆ ಮುಖ ತೊಳೆಯಲು ಹೋದಾಗ ನುಗ್ಗೆಯ ಕೆಳಗಿನ ಕೊಂಬೆಯಲ್ಲೇ ಗಂಡು ಸೂರಕ್ಕಿ ಕೂತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ದೂರದಿಂದ ಕಪ್ಪು ಅನ್ನಿಸುತ್ತದೆ, ಕಪ್ಪಲ್ಲ. ಬಿಸಿಲು ಬಿದ್ದ ಕಡೆ ನೀಲಿ, ತಿರುಗಿದರೆ ನೇರಳೆ, ಕತ್ತಿನಲ್ಲಿ ಹಸಿರಿನ ಹೊಳಪು. ರೆಕ್ಕೆಯ ಬುಡದಲ್ಲಿ ಹಳದಿಯ ಒಂದು ಕುಚ್ಚು ಇದೆ, ಅದನ್ನು ಕೆದರಿಕೊಂಡಿತ್ತು. ಕೊಕ್ಕು ತೆರೆದಿತ್ತು. ಗಂಟಲ ಗರಿಗಳು ಬಿಡದೆ ನಡುಗುತ್ತಿದ್ದವು. ಇಡೀ ಮೈಯಿಂದ ಹಾಡುತ್ತಿರುವ ಹಾಗಿತ್ತು.

ಸದ್ದಿಲ್ಲ.

ಪಾಪ, ಚಳಿಗೆ ಗಂಟಲು ಕಟ್ಟಿರಬೇಕು. ಹಕ್ಕಿಗಳಿಗೂ ಹಾಗೆ ಆಗುತ್ತದೋ ಏನೋ. ಅಕ್ಕನನ್ನು ಕೇಳೋಣವೆಂದುಕೊಂಡೆ. ಕೇಳಲಿಲ್ಲ.

ಅದು ಹಾರಿಹೋಗುವವರೆಗೂ ನಿಂತಿದ್ದೆ. ಬಿಸಿ ನೀರು ತಣ್ಣಗಾಗಿತ್ತು.

ಫೆಬ್ರವರಿ 20

ಮಧ್ಯ ಸ್ಥಾಯಿ ಮುಗಿದು ತಾರಕ್ಕೆ ಬಂದಿದ್ದೇನೆ. ಈ ಮೇಲಿನ ಮನೆಗಳು ಬಹಳ ಕಾಡುತ್ತಿವೆ. (ಬೆರಳಿನಲ್ಲಿ ಒತ್ತುವ ಬಿಳಿ ಕರಿ ಪಟ್ಟಿಗಳಿಗೆ ನಾವು ಮನೆ ಅನ್ನುತ್ತೇವೆ. ಡಾಕ್ಟರು ಓದುವಾಗ ತಿಳಿಯಲಿ ಎಂದು ಬರೆದೆ.) ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಉಜ್ಜಿದ ಹಿತ್ತಾಳೆ ಮತ್ತೆ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಕೂದಲೆಳೆಯಷ್ಟು ಉಜ್ಜಬೇಕು, ಕೇಳಬೇಕು, ಮತ್ತೆ ಕೂದಲೆಳೆಯಷ್ಟು. ಮೇಷ್ಟ್ರ ಪೆಟ್ಟಿಗೆಯ ಮೇಲಿನ ರೀಡುಗಳೆಲ್ಲ ಇಳಿದು ಕೂತಿವೆ. ಎಷ್ಟು ಉಜ್ಜಿದರೂ ಏರುತ್ತಿಲ್ಲ. ಮೇಜಿನ ಮೇಲೆ ಹಿತ್ತಾಳೆಯ ಪುಡಿ ಅರಿಶಿನ ಚೆಲ್ಲಿದ ಹಾಗೆ ಬಿದ್ದಿದೆ. ಒಂದು ಪೆಟ್ಟಿಗೆಯಿಂದ ಇಷ್ಟು ಪುಡಿ ಬಿದ್ದದ್ದನ್ನು ನಾನು ಈವರೆಗೆ ಕಂಡಿಲ್ಲ.

ತಾರ ನುಡಿಸಿದರೆ ಬೂದಿ ಎದ್ದು, ಬಾಲ ಮುದುರಿಕೊಂಡು ಹೊರಗೆ ಹೋಗುತ್ತದೆ. ನಾಯಿಗೇನು ಗೊತ್ತು ಸಂಗೀತ.

ಬೇವು ಎಲೆ ಉದುರಿಸುತ್ತಿದೆ. ಹಳದಿ ಎಲೆ ಒಂದೊಂದೂ ಸುತ್ತು ಹಾಕಿಕೊಂಡು ಬೀಳುತ್ತದೆ, ನೇರವಾಗಿ ಬೀಳುವುದಿಲ್ಲ. ಹರಟೆಮಲ್ಲಗಳು ಒಣ ಎಲೆ ಮಗುಚಿ ಹುಳ ಹೆಕ್ಕುತ್ತವೆ. ಒಂದು ಮಾತ್ರ ಗೋಡೆಯ ಮೇಲೆ ಕಾವಲು ಕೂತಿರುತ್ತದೆ, ಸ್ವಲ್ಪ ಹೊತ್ತಾದರೆ ಇನ್ನೊಂದು ಬಂದು ಅದರ ಪಾಳಿ ತೆಗೆದುಕೊಳ್ಳುತ್ತದೆ. ಇಷ್ಟು ದಿನ ಬರೀ ಜಗಳಗಂಟಿಗಳು ಅಂದುಕೊಂಡಿದ್ದೆ. ಈಚೆಗೆ ಜಗಳವೂ ಕಡಿಮೆಯಾಗಿದೆ.

ಮಾರ್ಚ್ 6

ಹಳೆಯ ಉಪಾಯವೊಂದು ನೆನಪಾಯಿತು. ಗದ್ದಲದ ಜಾಗದಲ್ಲಿ ಶ್ರುತಿ ಮಾಡುವಾಗ ನನ್ನ ಗುರು ಪೆಟ್ಟಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಸ್ವರ ಕಿವಿಯನ್ನು ಕೇಳದೆ ನೇರವಾಗಿ ತಲೆಬುರುಡೆಗೇ ಬರುತ್ತದೆ.

ಬಾಗಿಲು ಮುಂದೆ ಮಾಡಿಕೊಂಡು ಕಚ್ಚಿ ಹಿಡಿದೆ. ಎಡಗೈಯಲ್ಲಿ ತಿದಿ, ಬಲಗೈ ಮನೆಗಳ ಮೇಲೆ. ಮಂದ್ರ ಬಂತು, ದವಡೆಯೆಲ್ಲ ಜುಮ್ಮೆಂದಿತು. ಮಧ್ಯ ಬಂತು. ತಾರ ಬಂತು. ಬಂದ ಹಾಗಾಯಿತು. ಇನ್ನಷ್ಟು ಬಿಗಿಯಾಗಿ ಕಚ್ಚಿದೆ.

ಅಕ್ಕ ಮಣ್ಣಿನ ಬುಟ್ಟಿ ಹೊತ್ತು ಒಳಗೆ ಬಂದವಳು ಹಾಗೇ ನಿಂತಳು. "ಏನೋ ಅದು, ಜೋಳದ ತೆನೆ ಕಚ್ಚಿದ ಹಾಗೆ!" ಎಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಬುಟ್ಟಿ ಇಳಿಸಿ ಒಳಗೆ ಹೋದಳು, ಸಂಜೆಯವರೆಗೂ ಈ ಕಡೆ ಬರಲಿಲ್ಲ. ಸಸಿ ಕೇಳಿಕೊಂಡು ಬಂದವರಿಗೆ ನಾನೇ ಬೆಲೆ ಹೇಳಿ ಕಳಿಸಿದೆ. ಅವರು ಏನೋ ಚೌಕಾಸಿ ಮಾಡಿದರು, ತುಟಿ ಆಡಿದ್ದು ಕಂಡಿತು, ನಾನು ತಲೆ ಆಡಿಸಿದೆ. ಏನಕ್ಕೆ ಒಪ್ಪಿದೆನೋ ದೇವರಿಗೇ ಗೊತ್ತು.

ಮಾರ್ಚ್ 23

ಕುಂಡೆಕುಸ್ಕ ಹೋಯಿತು! ಇದನ್ನು ದೊಡ್ಡದಾಗಿ ಬರೆಯುತ್ತೇನೆ. ಮೂರು ದಿನದಿಂದ ಒಗೆಯುವ ಕಲ್ಲಿನ ಹತ್ತಿರ ಕಾದು ಕೂತು ನೋಡಿದ್ದೇನೆ. ಇಲ್ಲ. ಬಾಲ ಕುಣಿಸುವವರು ಯಾರೂ ಇಲ್ಲ. ಬಿಸಿಲು ಏರಿತು, ಗಂಟು ಮೂಟೆ ಕಟ್ಟಿತು.

"ನೋಡಿದ್ಯಾ ಅಕ್ಕಾ, ಹೋಯ್ತು. ಹಕ್ಕಿಗಳು ಅಂದ್ರೆ ಹಾಗೇ, ಬರ್ತವೆ, ಹೋಗ್ತವೆ" ಎಂದೆ. ಗೆದ್ದ ಹಾಗೆ ಹೇಳಿದೆ ಅನ್ನಿಸುತ್ತದೆ.

"ಹೂಂ" ಎಂದಳು. ಈಚೆಗೆ ಅವಳು ನನ್ನೆದುರು ನಿಂತು, ಮುಖ ನೋಡಿಕೊಂಡೇ ಮಾತಾಡುತ್ತಾಳೆ. ಮೊದಲು ಹೀಗಿರಲಿಲ್ಲ, ಒಲೆಯ ಹತ್ತಿರದಿಂದಲೇ ಕೂಗುತ್ತಿದ್ದಳು.

ತಾರ ಸ್ಥಾಯಿ ಮುಗಿಯಿತು. ಸರಿಯಿದೆ. ಸರಿಯಿರಲೇಬೇಕು, ಎಷ್ಟು ಸಲ ನೋಡಿದ್ದೇನೆ.

ಏಪ್ರಿಲ್ 10

ಮೇಷ್ಟ್ರು ಬಂದಿದ್ದರು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅಕ್ಕ ಚಪ್ಪರದಲ್ಲಿ ಚಾಪೆ ಹಾಸಿದಳು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೈಯಾಡಿಸಿ, ಹೊಸ ತಿದಿ ನೋಡಿ, "ಅಮ್ಮ ಇದ್ದಿದ್ರೆ ನಿಮ್ಮ ಕೈಗೆ ಮುತ್ತು ಕೊಡ್ತಿದ್ರು" ಎಂದರು. ಅಂಚಿನ ಮೇಲೆ ಅವರ ಬೆರಳು ನಿಂತಿತು. ಬಗ್ಗಿ ನೋಡಿದರು. "ಇದೇನು ಯಜಮಾನ್ರೇ, ಇಲಿ ಕಡಿದಿದ್ಯಾ?"

ನನ್ನ ಹಲ್ಲಿನ ಗುರುತು. ಒಂದಲ್ಲ, ಸಾಲಾಗಿ ಇದ್ದವು. ನಾನು ನೋಡಿಯೇ ಇರಲಿಲ್ಲ.

"ಹೂಂ, ಇಲಿ. ಈ ಹಿತ್ತಲಲ್ಲಿ ಇಲಿ ಕಾಟ ಹೇಳತೀರದು" ಎಂದಳು ಅಕ್ಕ, ನನಗಿಂತ ಮುಂಚೆ.

ಮೇಷ್ಟ್ರು ನುಡಿಸಲು ಕೂತರು. ಮಂದ್ರದಲ್ಲಿ ಶುರು ಮಾಡಿದರು. ಕಣ್ಣು ಮುಚ್ಚಿದರು, ತಲೆ ತೂಗಿತು. ನನ್ನ ಎದೆ ಉಬ್ಬಿತು. ಮಧ್ಯಕ್ಕೆ ಬಂದರು. ಅಲ್ಲಿಂದ ಬೆರಳು ಮೇಲಕ್ಕೆ ಹತ್ತಿದವು, ತಾರದ ಮೊದಲ ಮನೆ, ಎರಡನೆಯದು, ಮೂರನೆಯದು. ಬಿಸಿ ಹೆಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಬಂತು. ಕಣ್ಣು ತೆರೆದುಕೊಂಡಿತು. ಅರೆಕ್ಷಣ ಅಷ್ಟೇ, ಮತ್ತೆ ಮುಚ್ಚಿದರು, ನುಡಿಸಿದರು, ನಗುತ್ತಲೇ ಇದ್ದರು. ಅದೇ ಹಾಡನ್ನು ಮುಗಿಸಿ ಇನ್ನೊಂದು ನುಡಿಸಿದರು. ನಾನು ಬೆರಳುಗಳನ್ನು ಮಾತ್ರ ನೋಡುತ್ತಿದ್ದೆ. ಹಾಡು ಮೇಲೆ ಹತ್ತಬೇಕಾದಲ್ಲೆಲ್ಲ ಅವು ಬಳಸಿಕೊಂಡು ಕೆಳಗೆ ಇಳಿದವು. ತಾರದ ಒಂದು ಮನೆಯನ್ನೂ ಮತ್ತೆ ಮುಟ್ಟಲಿಲ್ಲ. ಬೂದಿ ಆಗಲೇ ಎದ್ದು ಹೋಗಿತ್ತು. ಅಕ್ಕ ಬೆನ್ನು ತಿರುಗಿಸಿ ನಿಂತು, ಜೋಡಿಸಿಟ್ಟ ಕುಂಡಗಳನ್ನೇ ಮತ್ತೆ ಜೋಡಿಸುತ್ತಿದ್ದಳು.

"ಮೇಷ್ಟ್ರೇ, ಮೇಲಕ್ಕೆ ಹೋಗಿ" ಎಂದೆ.

"ಚೆನ್ನಾಗಿದೆ ಯಜಮಾನ್ರೇ. ತುಂಬ ಚೆನ್ನಾಗಿದೆ."

"ಬಿಟ್ಟು ಹೋಗಿ. ಇನ್ನೊಂದು ಸಲ ನೋಡ್ತೀನಿ."

ಅವರು ಪೆಟ್ಟಿಗೆ ಮುಚ್ಚಿ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಹತ್ತಿರ ಬಂದು, ನಿಧಾನವಾಗಿ ಹೇಳಿದರು. "ನನಗೂ ವಯಸ್ಸಾಯ್ತು. ಗಂಟಲು ಮೊದಲಿನ ಹಾಗೆ ಮೇಲಕ್ಕೆ ಹೋಗಲ್ಲ. ಮೇಲಿನ ಮನೆಗಳು ಇನ್ನು ನನಗ್ಯಾಕೆ ಹೇಳಿ?"

ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ತಾಯಿಯ ಪೆಟ್ಟಿಗೆಯನ್ನು ಅಪ್ಪಿ ಹಿಡಿದುಕೊಂಡು ಹೋದರು.

ಏಪ್ರಿಲ್ 11

ಮೇಲಿನಿಂದ ಶುರು ಮಾಡಿದ್ದರೆ ಆಗುತ್ತಿತ್ತು. ನವೆಂಬರಿನಲ್ಲಿ ಕಿವಿ ಇತ್ತು. ಸೂರಕ್ಕಿ ಕೇಳುತ್ತಿತ್ತು.

ಕಿವಿ ಮೇಲಿನಿಂದ ಇಳಿಯುತ್ತಿತ್ತು, ನಾನು ಕೆಳಗಿನಿಂದ ಹತ್ತುತ್ತಿದ್ದೆ.

ಏಪ್ರಿಲ್ 13

ಮೇಜಿನ ಮೇಲಿನ ಹಿತ್ತಾಳೆ ಪುಡಿಯನ್ನು ಒಂದು ಕಾಗದಕ್ಕೆ ಬಾಚಿಕೊಂಡೆ. ಮೇಷ್ಟ್ರ ತಾಯಿಯ ತಾರ ಸ್ಥಾಯಿ ಅದು. ಎಸೆಯಲು ಮನಸ್ಸು ಬರಲಿಲ್ಲ, ಇಟ್ಟುಕೊಂಡು ಮಾಡುವುದೂ ಏನೂ ಇಲ್ಲ.

ಏಪ್ರಿಲ್ 28

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿದೆ.

ಇವತ್ತು ಸಂಜೆ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಾಗ ಈ ಪುಸ್ತಕ ತಂದುಕೊಂಡು ಪಕ್ಕ ಕೂತೆ. ಮೊದಲ ಪುಟದಿಂದ ಒಂದೊಂದಾಗಿ ಕೇಳಿದೆ.

"ಜೀರುಂಡೆ?"

ತಲೆ ಆಡಿಸಿದಳು. ಇದೆ.

"ಈಗ?"

ಈಗಲೂ ಇದೆ.

"ಅಳಿಲು? ಸೂರಕ್ಕಿ? ಹರಟೆಮಲ್ಲ?"

ಎಲ್ಲದಕ್ಕೂ ತಲೆ ಆಡಿಸಿದಳು. ಕೊನೆಗೆ ಕಣ್ಣೊರೆಸಿಕೊಂಡು ನುಗ್ಗೆಯ ಕಡೆ ಬೆರಳು ತೋರಿಸಿದಳು. ಮಡಿವಾಳ ಹಕ್ಕಿ, ಕಪ್ಪು ಬಿಳಿ, ತುದಿಯ ಕೊಂಬೆಯಲ್ಲಿ. ಬಾಲ ನೆಟ್ಟಗೆ ಮಾಡಿಕೊಂಡು, ಎದೆ ಮುಂದಕ್ಕೆ ಚಾಚಿಕೊಂಡು ಹಾಡುತ್ತಿತ್ತು. ಬಿಸಿಲು ಶುರುವಾದಾಗಿನಿಂದ ದಿನಾ ಬೆಳಗ್ಗೆ ಸಂಜೆ ಹಾಡುತ್ತಿದೆಯಂತೆ. ಇದು ಬಂದದ್ದೇ ನನಗೆ ತಿಳಿದಿರಲಿಲ್ಲ. ಹೋಯಿತು ಎಂದು ಕೂಡ ಬರೆದಿಲ್ಲ.

"ನನಗೆ ಯಾಕೆ ಸುಳ್ಳು ಹೇಳಿದೆ?" ಎಂದೆ.

ಅಕ್ಕ ನನ್ನ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಹೇಳಿದಳು. "ಇದೆಯಾ ಅಂತ ನೀನು ಕೇಳಲೇ ಇಲ್ವಲ್ಲೋ. ಹೋಯ್ತು ಅಂತ್ಲೇ ಹೇಳ್ತಿದ್ದೆ. ನಿನ್ನ ಮುಖ ನೋಡಿದ್ರೆ ಇದೆ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎದ್ದು ಹೋಗಿ, ಬೇಲಿಯ ಹತ್ತಿರ ನಿಂತು, ಅವಳಿಗೆ ಕಾಣದ ಹಾಗೆ ಅತ್ತೆ. ನನ್ನ ಅಳು ನನಗೇ ಸರಿಯಾಗಿ ಕೇಳಲಿಲ್ಲ.

ಕೆಂಬೂತ ಮಾತ್ರ ಕೇಳಿಸಿತು. ಬೇಲಿಯೊಳಗಿಂದ, ಊಂ ಊಂ ಊಂ. ನಾನು ಹೀಯಾಳಿಸಿದ್ದ ಗಂಟಲು ಅದೊಂದೇ ಇನ್ನೂ ನನ್ನ ಜೊತೆ ಮಾತು ಬಿಟ್ಟಿಲ್ಲ.

ಮೇ 9

ಈಗ ಬೆಳಗಾದರೆ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಕೆಂಬೂತ ಬಂದೇ ಬರುತ್ತದೆ. ರೆಕ್ಕೆ ಇಟ್ಟಿಗೆಯ ಬಣ್ಣ, ಮೈ ಮಸಿ, ಕಣ್ಣು ಕೆಂಡ. ಹಾರಲು ಸೋಮಾರಿ, ಕುಪ್ಪಳಿಸಿಕೊಂಡು ಪೊದೆಯೊಳಗೆ ನುಗ್ಗುತ್ತದೆ. ನನ್ನನ್ನು ಕಂಡರೆ ಓಡುವುದಿಲ್ಲ, ಗುರುತು ಹಿಡಿದಿದೆ. ಅದರ ಷಡ್ಜ ಸ್ವಲ್ಪ ಇಳಿದಿದೆ. ಇಳಿದಿರಲಿ. ಇನ್ನೂ ಇಳಿಯಲಿ.

ಅಕ್ಕ ಸಸಿಗಳ ಹೆಸರು ಬರೆಯುವ ಸ್ಲೇಟನ್ನು ಅಡುಗೆಮನೆಯಲ್ಲಿ ನೇತು ಹಾಕಿದ್ದಾಳೆ. ಊಟ ಆಗಿದೆ, ಸ್ನಾನಕ್ಕೆ ನೀರು ಕಾದಿದೆ, ಎಲ್ಲ ಅದರಲ್ಲೇ. ಇವತ್ತು ಬರೆದಿದ್ದಳು: ಪಂಡಿತರೇ, ಅಂಗಿ ತಿರುಗುಮುರುಗಾಗಿದೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮೊದಲ ಪುಟದಲ್ಲಿ ಬರೆದ ಹಾಗೆ ಈ ಪುಸ್ತಕವನ್ನು ಮೇಜಿನ ಮೇಲೆ ಎಸೆಯಲಿಲ್ಲ, ಚೀಲದಲ್ಲೇ ಇತ್ತು. ಇಳಿಜಾರಿನ ಗೆರೆ ಈಗ ಇಳಿಜಾರಲ್ಲ, ನೆಲ. ಕಿವಿಗೆ ಮೆಷೀನು ಸಿಕ್ಕಿಸಿ ನೋಡಿದ. ಗಾಡಿ ಎಳೆದ ಹಾಗೆ ಏನೋ ಗರಗರ. ಅಕ್ಕನ ಗಂಟಲೋ ಬಾಗಿಲಿನ ಸದ್ದೋ ತಿಳಿಯಲಿಲ್ಲ. ತೆಗೆದು ವಾಪಸು ಕೊಟ್ಟೆ. ಡಾಕ್ಟರ ಮೇಲೆ ಕೋಪವಿಲ್ಲ. ಅವನ ಮೆಷೀನು ಸರಿಯಾಗಿಯೇ ಇತ್ತು.

ಮೇ 30

ಮೊದಲ ಮಳೆ. ಧೂಳು ಕಪ್ಪಾಯಿತು, ಬೇವು ಒಂದೇ ಸಲಕ್ಕೆ ತೊಳೆದುಕೊಂಡಿತು. ಕುಂಡಗಳಲ್ಲೆಲ್ಲ ನೀರು ಕುಣಿಯುತ್ತಿತ್ತು. ತಗಡಿನ ಮಾಡಿನ ಕೆಳಗೆ ನಿಂತಿದ್ದೆ, ಇಷ್ಟು ದೊಡ್ಡ ಮಳೆ ಹತ್ತಿ ಬಿದ್ದ ಹಾಗೆ ಬಿತ್ತು.

ಸಂಜೆ ಕಪ್ಪೆಗಳು ಎದ್ದಿವೆ. ಒಗೆಯುವ ಕಲ್ಲಿನ ಗುಂಡಿಯಲ್ಲಿ ಒಂದು, ಗಲ್ಲವನ್ನು ಬೆಲೂನಿನ ಹಾಗೆ ಊದಿಕೊಂಡು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಕೈ ತೆಗೆದಳು, ತಪ್ಪು ಮಾಡಿದವಳ ಹಾಗೆ.

"ಮುಚ್ಚಿಕೋ ಅಕ್ಕಾ, ಪರವಾಗಿಲ್ಲ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಬೂದಿ ಬೆಚ್ಚಿ ಎದ್ದಿತು.

ಜೂನ್ 14

ಬೆಳಗ್ಗೆ ಮಳೆ ಬಿಟ್ಟಿತ್ತು. ಬೇಲಿಯ ಹತ್ತಿರ ನಿಂತೆ. ಕೆಂಬೂತ ಹೊರಗೆ ಬಂದು ಗೋಡೆಯ ಮೇಲೆ ಕೂತಿತು. ನೆನೆದ ರೆಕ್ಕೆಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿಯಿತು. ಆಮೇಲೆ ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಗಂಟಲು ಉಬ್ಬಿಸಿತು. ಕಾದೆ. ಗಂಟಲು ಇಳಿಯಿತು, ಮತ್ತೆ ಉಬ್ಬಿತು, ಮತ್ತೆ ಇಳಿಯಿತು.

ಅಕ್ಕ ಯಾವಾಗ ಪಕ್ಕಕ್ಕೆ ಬಂದು ನಿಂತಳೋ ಗೊತ್ತಾಗಲಿಲ್ಲ. ನನ್ನ ಮುಂಗೈ ಹಿಡಿದು, ಮಣ್ಣು ಮೆತ್ತಿದ ಬೆರಳಿನಿಂದ ಅದರ ಮೇಲೆ ತಟ್ಟತೊಡಗಿದಳು. ಮೊದಲು ನಿಧಾನ. ಆಮೇಲೆ ಬೇಗ ಬೇಗ. ಹಕ್ಕಿಯ ಗಂಟಲು ನಿಂತಾಗ ಬೆರಳೂ ನಿಂತಿತು. ಮತ್ತೆ ಶುರುವಾದಾಗ ಶುರುವಾಯಿತು. ಲಯ ಒಂದು ಕಡೆಯೂ ತಪ್ಪಲಿಲ್ಲ. ಅಕ್ಕನಿಗೆ ತಾಳ ಗೊತ್ತು ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಕೆಂಬೂತ ಹೋಯಿತು ಎಂದು ಬರೆಯಲು ಪೆನ್ನು ತೆಗೆದೆ. ಅದೇ ಗೋಡೆಯ ಮೇಲೆ ಕೂತಿತ್ತು. ಬರೆಯಲಿಲ್ಲ.

ಈ ಪುಸ್ತಕದಲ್ಲಿ ಎಷ್ಟು ಹೋಯಿತುಗಳನ್ನು ಬರೆದಿದ್ದೇನೆ. ಕೂತು ಎಲ್ಲ ಓದಿದೆ. ನಿಜವಾಗಿ ಹಿತ್ತಲು ಬಿಟ್ಟು ಹೋದದ್ದು ಕುಂಡೆಕುಸ್ಕ ಒಂದೇ. ಚಳಿ ಬಿದ್ದರೆ ಅದು ವಾಪಸು ಬರುತ್ತದೆ, ಒಗೆಯುವ ಕಲ್ಲಿನ ಹತ್ತಿರ ಬಾಲ ಕುಣಿಸುತ್ತದೆ. ಉಳಿದವು ಎಲ್ಲಿಗೂ ಹೋಗಿಲ್ಲ. ಅವು ವಾಪಸು ಬರುವುದಿಲ್ಲ.